ಕಳ್ಳಹಂದಿ ಎಂಬ ಹೆಸರನ್ನು ಕೇಳಲು ಹೋದದ್ದು

ಲೆಪೆಕಾ ಟೂಟೂ ಮಧ್ಯಾಹ್ನ ಮಲಗಿದರೆ ನಮ್ಮ ಬೀದಿಯಲ್ಲಿ ಯಾರೂ ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದಿಲ್ಲ. ಮೊಲೊಕಾಇ ದ್ವೀಪದ ಈ ಪೂರ್ವ ತುದಿಯಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ನಿದ್ದೆಯಲ್ಲಿ ಯಾರದೋ ಮಗುವಿನ ಹೆಸರು ಬರುತ್ತಿರಬಹುದು.

ಟೂಟೂ ಎಂದರೆ ಅಜ್ಜಿ. ಅವರು ನನ್ನ ಅಜ್ಜಿಯಲ್ಲ, ಪಕ್ಕದ ಮನೆಯವರು. ಆದರೆ ಊರಿಗೆಲ್ಲ ಅಜ್ಜಿ. ಇಪ್ಪತ್ತೊಂಬತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವರು. ಈಗ ಎಪ್ಪತ್ನಾಲ್ಕು ವರ್ಷ. ಅವರ ಟ್ರಕ್ಕಿಗೆ ರಿವರ್ಸ್ ಗೇರ್ ಇಲ್ಲ, ಆದ್ದರಿಂದ ಸುತ್ತಿ ಬರಲು ಜಾಗವಿರುವ ಮನೆಗಳಿಗೆ ಮಾತ್ರ ಹೋಗುತ್ತಾರೆ. ನನ್ನ ಕೆಲಸ ಹಳೆಯ ಮೀನುಕೊಳದ ನೀರಿನಲ್ಲಿ ಉಪ್ಪೆಷ್ಟು ಎಂದು ಅಳೆಯುವುದು. ಎಣಿಸುವುದು ಅಭ್ಯಾಸವಾಗಿರುವುದರಿಂದ ಹೇಳಬಲ್ಲೆ: ನಾನು ಇಲ್ಲಿಗೆ ಬಂದ ಮೇಲೆ, ಈ ಸಂಗತಿ ನಡೆಯುವ ಮೊದಲು, ಟೂಟೂ ಕನಸಿನಲ್ಲಿ ಕಂಡುಕೊಟ್ಟ ಹೆಸರುಗಳು ಅರವತ್ತಮೂರು.

ಕನಸಿನಲ್ಲಿ ಬಂದ ಹೆಸರನ್ನು ಇಡಲೇಬೇಕು. ಬೇಡವೆಂದರೆ ಅದರ ಕೇಡು ಮಗುವಿನ ಮೈಗೆ ಬರುತ್ತದೆ. ಒಮ್ಮೆ ಒಂದು ಮನೆಯವರು, ಹೆಸರು ತೀರಾ ಹಳೆಯ ಕಾಲದ್ದಾಯಿತು ಎಂದು ಬದಿಗಿಟ್ಟರು. ಆ ಹುಡುಗಿ ಎರಡೂವರೆ ವರ್ಷವಾದರೂ ನಡೆಯಲಿಲ್ಲ. ಕೊನೆಗೆ ಆ ಹೆಸರನ್ನೇ ಇಟ್ಟರು. ಅದೇ ವಾರ ಅಂಗಳ ದಾಟಿ ಟೂಟೂ ಮನೆಗೆ ನಡೆದು ಬಂದಳು. ಅದೇ ವಾರ ಅವಳಿಗೆ ಹೊಸ ಬೂಟೂ ಬಂದಿತ್ತು ಎಂದು ನಾನು ನೆನಪಿಸಿ ನೋಡಿದೆ. ಟೂಟೂ ಬೂಟಿನ ಮಾತಿಗೆ ಕಿವಿಗೊಡಲಿಲ್ಲ.

ಇಂಥ ಟೂಟೂಗೆ ಮೊಮ್ಮಗಳು ಕವೇಹಿಯ ಮಗುವಿನ ಸರದಿ ಬಂತು. ಗಂಡುಮಗು, ದಿನ ತುಂಬುವ ಮೊದಲೇ ಹುಟ್ಟಿದ್ದು, ಐದು ಪೌಂಡ್ ಮೂರು ಔನ್ಸ್. ಕವೇಹಿ ತಾನೇ ಒಂದು ಹೆಸರು ಆರಿಸಿಟ್ಟಿದ್ದಳು: ಕಲಾನಿನುಯಿ, ಮಹಾ ಆಕಾಶ.

"ಭಾರ ಜಾಸ್ತಿ ಆಯ್ತು ಕಣೇ," ಎಂದರು ಟೂಟೂ. "ಅದು ದೊರೆಗಳು ಹೊರೋ ಹೆಸರು. ಇವನು ಐದು ಪೌಂಡ್ ಇದ್ದಾನೆ. ಹೊರೋದು ಹೇಗೆ?"

"ಹಾಗಾದ್ರೆ ನೀನೇ ಮಲಗು, ಟೂಟೂ. ಊರಿಗೆಲ್ಲ ಮಲಗ್ತೀಯ, ನಮಗೆ ಮಲಗಲ್ವಾ?"

ಟೂಟೂ ಮಲಗಿದರು. ಮಧ್ಯಾಹ್ನ ಒಂದೂ ಇಪ್ಪತ್ತರಿಂದ ಎರಡೂ ಹತ್ತರವರೆಗೆ. ಎದ್ದವರು ಯಾರ ಮುಖವನ್ನೂ ನೋಡದೆ ಒಂದು ಲೋಟ ನೀರು ಕುಡಿದರು.

"ಬಂತಾ?" ಎಂದಳು ಕವೇಹಿ.

"ಬಂತು."

"ಏನು?"

"ಕಾಪುಆಐಹುಎ."

ಅಂದರೆ ಕಳ್ಳಹಂದಿ.

ಕವೇಹಿ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಟೂಟೂ ಬೇಲಿಯ ಬಳಿ ಬಂದು ನನ್ನನ್ನು ಕರೆದರು. ಹೆಸರು ನಿಜವಾಗಿ ಬಂದಿದ್ದರೆ ಬಿಡುವಂತಿಲ್ಲ. ಮಗು ಬೇರೆ ಮೂರು ದಿನದಿಂದ ಸರಿಯಾಗಿ ಹಾಲು ಕುಡಿಯುತ್ತಿಲ್ಲ, ತೂಕ ಏರಿಲ್ಲ. ಆದರೆ ಅಂದು ಬೆಳಿಗ್ಗೆಯೇ ಆಚೆಮನೆಯ ಸೊಲೊಮೋನಾನ ಹಂದಿ ಬೇಲಿ ನುಗ್ಗಿ ಟೂಟೂರ ಗೆಣಸಿನ ಪಾತಿಯನ್ನೆಲ್ಲ ತಿಂದು ಹೋಗಿತ್ತು. ಅವರು ಪೊರಕೆ ಹಿಡಿದು ಓಡಿಸುತ್ತಾ ಇದೇ ಮಾತನ್ನು ಏಳೆಂಟು ಸಲ ಕೂಗಿದ್ದು ನನಗೂ ಕೇಳಿಸಿತ್ತು.

"ನೀನು ಓದಿದೋಳು. ಹೇಳು. ಅದು ಹಿರಿಯರು ಕೊಟ್ಟಿದ್ದಾ, ಇಲ್ಲಾ ನನ್ನ ಗೆಣಸಿನ ಹೊಟ್ಟೆಯುರಿನಾ?"

ಒಂದು ಸಲದ ಕನಸಿನಿಂದ ಹೇಳಲಾಗದು ಎಂದೆ. ಹಂದಿಯನ್ನು ಕಾಣದೆ, ಗೆಣಸು ತಿನ್ನದೆ, ಬೇರೆ ಬೇರೆ ಜಾಗದಲ್ಲಿ ಮಲಗಿ ನೋಡಬೇಕು. ಟೂಟೂ ಒಪ್ಪಿದರು.

ಮರುದಿನ ಚರ್ಚಿನ ಹಿಂದಿನ ಬೆಂಚಿನಲ್ಲಿ, ಹಾಡಿನ ಅಭ್ಯಾಸ ಮುಗಿದ ಮೇಲೆ, ಮೂವತ್ತೈದು ನಿಮಿಷ ಮಲಗಿದರು. ಅದೇ ಹೆಸರು. ಮೂರನೆಯ ದಿನ ಒಂಬತ್ತು ಮೈಲಿ ದೂರದ ನಾದಿನಿಯ ಮನೆಗೆ ಕರೆದುಕೊಂಡು ಹೋದೆ. ಆ ಸುತ್ತಿನಲ್ಲಿ ಹಂದಿಯೇ ಇಲ್ಲವೆಂದು ಮೊದಲೇ ವಿಚಾರಿಸಿದ್ದೆ. ಊಟಕ್ಕೆ ಪೋಯಿ ಎಂಬ ಕೆಸವಿನ ಗೆಡ್ಡೆಯ ಅಂಬಲಿ ಮತ್ತು ಒಣಮೀನು ಮಾತ್ರ. ಟೂಟೂ ಮಲಗಿ ಹದಿನೆಂಟೇ ನಿಮಿಷಕ್ಕೆ ಎದ್ದು ಕುಳಿತರು.

"ಈ ಸಲ ಯಾರು ಹೇಳಿದ್ದು?" ಎಂದೆ. ಮೊದಲೆರಡು ಸಲ ಬರೀ ಧ್ವನಿ ಕೇಳಿಸಿತ್ತಂತೆ.

"ಹಂದಿನೇ ಬಂದು ಹೇಳ್ತು," ಎಂದರು. "ಮರ್ಯಾದೆಯಿಂದಾನೇ ಹೇಳ್ತು."

ಮೂರಕ್ಕೆ ಮೂರು. ಹೆಸರು ಅದೇ ಎಂದು ಒಪ್ಪಿಕೊಂಡೆ.

ವಿಷಯ ಇಲ್ಲಿಗೂ ಮುಗಿಯಲಿಲ್ಲ. ಟೂಟೂರ ನಾದಿನಿ ನೆನಪು ಮಾಡಿಕೊಂಡು, "ಅದು ಸೊಲೊಮೋನಾನ ಅಜ್ಜನ ಹೆಸರಲ್ವಾ?" ಎಂದಳು. ಹೌದು, ಅವನ ಅಜ್ಜನದೇ. ಇನ್ನೊಂದು ಮನೆತನದ ಹೆಸರನ್ನು ಕೇಳದೆ ಇಟ್ಟುಕೊಂಡರೆ ಅದು ಕದ್ದ ಹಾಗೆ. ಹೀಗಾಗಿ ತಮಗೆ ಬೇಡವೇ ಬೇಡವಾದ ಹೆಸರನ್ನು ಬೇಡಿಕೊಳ್ಳಲು ಟೂಟೂ, ಕವೇಹಿ, ಮಗು ಮತ್ತು ನಾನು ಮರುದಿನ ಬೆಳಿಗ್ಗೆ ಒಂದು ಗೊನೆ ಬಾಳೆಹಣ್ಣು ಹಿಡಿದು ಹೊರಟೆವು.

ಸೊಲೊಮೋನಾ ಅಂಕಲ್ ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದರು. ಅವರೂ ಟೂಟೂವೂ ಒಂದೇ ತರಗತಿಯಲ್ಲಿ ಓದಿದವರು.

"ಗೆಣಸಿನ ವಿಷಯಕ್ಕೆ ಬಂದಿದ್ರೆ, ನಮ್ಮ ಹಂದಿ ಮನೆಯಲ್ಲೇ ಇತ್ತು," ಎಂದರು.

"ನಿನ್ನ ಹಂದಿ ಹಾಳಾಗಿ ಹೋಗ್ಲಿ. ಹೆಸರು ಕೇಳೋಕೆ ಬಂದಿದ್ದೀನಿ." ಟೂಟೂ ಕನಸನ್ನೆಲ್ಲ ಹೇಳಿದರು.

ಅಂಕಲ್ ಬಲೆ ಕೆಳಗಿಟ್ಟರು. "ನಮ್ಮ ಅಜ್ಜನಿಗಿಂತ ಮೊದಲು ಹುಟ್ಟಿದ ಎರಡು ಮಕ್ಕಳು ಹೋದವು, ಗೊತ್ತಾ? ಮೂರನೇದಕ್ಕೆ ಅವರಮ್ಮ ಈ ಹೆಸರಿಟ್ಟಳು. ಸಾವು ಬಂದು ಬಾಗಿಲಲ್ಲಿ ನಿಂತು 'ಯಾರಿದ್ದೀರಿ ಒಳಗೆ' ಅಂತ ಕೇಳ್ತು. 'ಕಳ್ಳಹಂದಿ' ಅಂದ್ರು. 'ಥೂ' ಅಂತ ವಾಪಸ್ ಹೋಯ್ತು. ತೊಂಬತ್ತೊಂದು ವರ್ಷ ಬದುಕಿದ ನಮ್ಮಜ್ಜ."

"ಅದಕ್ಕೇ ಕೇಳ್ತಿರೋದು, ಕೊಡು."

"ಕೊಡಲ್ಲ."

"ಯಾಕೋ?"

"ಆ ಹುಡುಗಿ ಮುಖ ನೋಡು. ಹಲ್ಲು ಕೀಳಿಸಿಕೊಳ್ಳೋಕೆ ಬಂದೋರ ಹಾಗೆ ಕೂತಿದ್ದಾಳೆ. ನಮ್ಮಜ್ಜನ ಹೆಸರನ್ನ ಕಷಾಯದ ಹಾಗೆ ಮೂಗು ಮುಚ್ಚಿಕೊಂಡು ತಗೊಂಡು ಹೋಗೋದಾದ್ರೆ ಬೇಡ. ಬೇಕು ಅಂತ ಕೇಳಬೇಕು."

"ಬೇಕು," ಎಂದಳು ಕವೇಹಿ.

"ಇಷ್ಟು ಸಣ್ಣಗೆ ಕೇಳಿದ್ರೆ ನಾನು ಉಪ್ಪೂ ಕೊಡಲ್ಲ."

"ಅಂಕಲ್, ಇವನು ನಾಳೆ ಶಾಲೆಗೆ ಹೋಗಬೇಕು! ಹಾಜರಿ ಕೂಗುವಾಗ ಕಳ್ಳಹಂದಿ ಅಂತ ಕೂಗ್ತಾರೆ!"

"ನಮ್ಮಜ್ಜನ್ನ ಹಾಗೇ ಕೂಗ್ತಿದ್ರು. ಅವನು ಆ ಶಾಲೆಯ ಮೇಷ್ಟ್ರಾದ."

ಈ ಹೊತ್ತಿಗೆ ಹಂದಿ ಮನೆಯ ಮೂಲೆಯಿಂದ ಬಂತು. ದೊಡ್ಡ ಕಪ್ಪು ಹಂದಿ. ಗದ್ದಕ್ಕೆ ಇನ್ನೂ ಗೆಣಸಿನ ಬಳ್ಳಿ ಅಂಟಿತ್ತು. ಅದು ನಮ್ಮ ಯಾರನ್ನೂ ಲೆಕ್ಕಿಸದೆ ಜಗಲಿ ಹತ್ತಿ, ಕಾಣಿಕೆಯ ಬಾಳೆಗೊನೆಗೆ ಬಾಯಿ ಹಾಕಿ, ಚಪ್ಪರಿಸಿ ತಿನ್ನತೊಡಗಿತು. ಆ ಸದ್ದಿಗೆ ಮಗು ಕಣ್ಣು ಬಿಟ್ಟಿತು. ಬಾಯಿ ಕಳೆದು ಎಂದೂ ಇಲ್ಲದಷ್ಟು ಜೋರಾಗಿ ಅತ್ತಿತು. ಕವೇಹಿ ಗಾಬರಿಯಿಂದ ಎದೆಗೆ ಹಚ್ಚಿಕೊಂಡಳು. ಮಗು ಕುಡಿಯಲು ಶುರು ಮಾಡಿತು. ಹಂದಿ ಗೊನೆ ಮುಗಿಸುವವರೆಗೂ ಕುಡಿಯಿತು: ಇಪ್ಪತ್ತೆರಡು ನಿಮಿಷ. ಎರಡೂ ಒಂದೇ ಲಯದಲ್ಲಿ ತಿನ್ನುತ್ತಿದ್ದವು.

ಒಂದು ಘಟನೆಯಿಂದ ಏನೂ ಸಾಬೀತಾಗದು ಎಂದು ನಾನು ಹೇಳಬಹುದಿತ್ತು. ಬದಲಿಗೆ ನಿಮಿಷಗಳನ್ನು ಬರೆದುಕೊಂಡೆ.

ಕವೇಹಿ ತಲೆಯೆತ್ತಿದಾಗ ಅವಳ ಕೆನ್ನೆ ಒದ್ದೆಯಾಗಿತ್ತು. "ಅಂಕಲ್, ನನಗೆ ಬೇಕು," ಎಂದಳು. "ನನ್ನ ಮಗ ಕಳ್ಳಹಂದಿ. ದಯವಿಟ್ಟು ಕೊಡಿ."

"ಹಾಂ, ಹೀಗೆ ಕೇಳಬೇಕು," ಎಂದು ಅಂಕಲ್ ಎದ್ದು ಮಗುವಿನ ಹಣೆ ಮುಟ್ಟಿದರು. ಎರಡು ಷರತ್ತು ಹಾಕಿದರು. ಹೆಸರನ್ನು ಮೊಟಕು ಮಾಡಿ ಕರೆಯಕೂಡದು. ಹುಡುಗನಿಗೆ ಆ ಹೆಸರಿರುವವರೆಗೆ ಅವನ ಮನೆಯ ಊಟಕ್ಕೆ ಹಂದಿ ಸುಡಕೂಡದು. ತನ್ನ ಹೆಸರಿನವನನ್ನು ಯಾರಾದರೂ ತಿನ್ನುತ್ತಾರೆಯೇ? ವರ್ಷ ತುಂಬಿ ಮಗು ಗಟ್ಟಿಯಾದರೆ ತಾವೇ ಬಂದು ಪ್ರಾರ್ಥನೆ ಹೇಳಿ ಹೆಸರನ್ನು ಕತ್ತರಿಸಿ ತೆಗೆಯುವುದಾಗಿಯೂ, ಆಮೇಲೆ ಮಹಾ ಆಕಾಶವೋ ಮಹಾ ಸಮುದ್ರವೋ ಬೇಕಾದ್ದನ್ನು ಇಟ್ಟುಕೊಳ್ಳಬಹುದೆಂದೂ ಹೇಳಿದರು.

ಮೊದಲ ಹುಟ್ಟುಹಬ್ಬಕ್ಕೆ ನೂರ ಎಂಬತ್ತು ಜನ ಬಂದರು. ನೆಲದಲ್ಲಿ ಗುಂಡಿ ತೋಡಿ ಕಾದ ಕಲ್ಲಿನ ಮೇಲೆ ಹಂದಿ ಬೇಯಿಸದ ಹುಟ್ಟುಹಬ್ಬವನ್ನು ಈ ಊರು ಕಂಡಿರಲಿಲ್ಲ. ಜನ ಗುಂಡಿ ಎಲ್ಲಿದೆ ಎಂದು ಮನೆಯ ಹಿಂದೆ ಹೋಗಿ ನೋಡಿ ಬಂದರು. ಕೋಳಿ ಇತ್ತು. ಕೋಳಿಯನ್ನೇ ನಾಲ್ಕು ಬಗೆಯಲ್ಲಿ ಮಾಡಿದ್ದರು. ಪಾದ್ರಿಗಳು ಎದ್ದುನಿಂತು ಗಂಭೀರವಾಗಿ ಮಗುವಿನ ಪೂರ್ತಿ ಹೆಸರನ್ನು ಕೂಗಿದಾಗ ಹಂದಿ ಬೇಲಿ ದಾಟಿ ಬಂತು. ಯಾರೂ ಓಡಿಸಲಿಲ್ಲ, ಅಂದು ಅದು ಅರ್ಧ ನೆಂಟನಾಗಿತ್ತು.

ಊಟದ ನಡುವೆ ಸೊಲೊಮೋನಾ ಅಂಕಲ್ ಮಗುವನ್ನು ಮೀನಿನ ತಕ್ಕಡಿಯ ತೊಟ್ಟಿಲಲ್ಲಿ ಕೂರಿಸಿದರು. ಇಪ್ಪತ್ನಾಲ್ಕು ಪೌಂಡ್.

"ಲೆಪೆಕಾ," ಎಂದರು, "ಈಗ ಆಕಾಶ ಹೊರಬಲ್ಲ. ಕತ್ತರಿಸಿಬಿಡ್ಲಾ?"

"ನನ್ನ ಕನಸು ಮುಗೀತು. ತಾಯಿ ಹೇಳ್ಲಿ," ಎಂದರು ಟೂಟೂ.

ನೂರ ಎಂಬತ್ತು ಜನರೂ ಕೋಳಿ ತಿನ್ನುವುದನ್ನು ನಿಲ್ಲಿಸಿದರು. ಹಿಂದಿನ ಮೇಜಿನಿಂದ ಯಾರೋ, "ಕತ್ತರಿಸಮ್ಮ, ಮುಂದಿನ ವರ್ಷವಾದ್ರೂ ಹಂದಿ ತಿನ್ನೋಣ!" ಎಂದು ಕೂಗಿದರು.

ಕವೇಹಿ ಮಗನನ್ನು ನೋಡಿದಳು. ಅವನು ತಕ್ಕಡಿಯಿಂದ ಬಗ್ಗಿ ಹಂದಿಯ ಬಾಯಿಂದ ಗೆಣಸು ಕಿತ್ತುಕೊಳ್ಳುತ್ತಿದ್ದ. ಕಿತ್ತುಕೊಂಡೂ ಬಿಟ್ಟ.

"ಬೇಡ ಅಂಕಲ್," ಎಂದಳು. "ಅವನ ಹೆಸರು ಅವನಿಗೇ ಇರ್ಲಿ."

ಜನ ನಿಟ್ಟುಸಿರು ಬಿಟ್ಟರು. ಸೊಲೊಮೋನಾ ಅಂಕಲ್ ಬಹಳ ಹೊತ್ತು ಮೂಗು ಒರೆಸಿಕೊಂಡರು. ಟೂಟೂ ಕುರ್ಚಿಗೆ ಒರಗಿ, ಒಂದು ವರ್ಷದಲ್ಲಿ ಮೊದಲ ಸಲ ಎಂಬಂತೆ, ಏನನ್ನೂ ಕಾಣುವ ಉದ್ದೇಶವಿಲ್ಲದೆ ನಿದ್ದೆ ಹೋದರು.

ಅವರು ಈಗಲೂ ಹೆಸರು ಕಾಣುತ್ತಾರೆ, ಹೆಸರುಗಳ ಲೆಕ್ಕ ಎಪ್ಪತ್ತೊಂದಾಗಿದೆ. ಕೇಳಲು ಬರುವವರು ಮೊದಲು ಸೊಲೊಮೋನಾನ ಬೇಲಿಯನ್ನು ರಿಪೇರಿ ಮಾಡಿ ಬರುತ್ತಾರೆ. ಕಳ್ಳಹಂದಿಗೆ ನಾಲ್ಕು ವರ್ಷ, ನಲವತ್ತೊಂದು ಪೌಂಡ್. ಅವನ ಹುಟ್ಟುಹಬ್ಬಕ್ಕೆ ನಾವು ಇನ್ನೂ ಕೋಳಿಯನ್ನೇ ತಿನ್ನುತ್ತಿದ್ದೇವೆ.