ಹುಪರಿಯೊಳಗ ನಾ ಕೊಟ್ಟ ಮಣ್ಣು

ಮಂದಿ ಮಾಳಿಗಿ ಮ್ಯಾಲ ಕುಂಡದಾಗ ಕಾಯಿಪಲ್ಲೆ ಹಚ್ಚಿಕೊಡೂದು ನನ್ನ ಕೆಲಸ. ಒಂದಿನ ಹುಪರಿ ಊರಿಂದ, ನಾ ಕುಂಡ ಹಚ್ಚಿಕೊಟ್ಟಿದ್ದ ಬೆಳ್ಳಿ ಕೆಲಸದ ಕಾಕಾ ಒಬ್ಬರು ಫೋನ್ ಮಾಡಿ, "ನಿಮ್ಮ ಸಾವಯವ ಮಣ್ಣು ಖೋಟಾ ಐತ್ರಿ, ಗಿಡಾ ಎಲ್ಲಾ ಸತ್ತಾವ" ಅಂತ ಬೈದ್ರು.

ಹೋಗಿ ನೋಡಿದ್ರ ಮೆಂತೆ, ಟೊಮ್ಯಾಟೊ ಎಲ್ಲಾ ಸುಟ್ಟಂಗ ಆಗಿದ್ದವು. ಮಣ್ಣು ಕೆದರಿದೆ. ನಾ ಬಿಟ್ಟಿದ್ದ ಎರೆಹುಳ ಒಂದೂ ಉಳಿದಿರಲಿಲ್ಲ.

"ಕಾಕಾ, ಯಾವ ನೀರು ಹಾಕ್ತೀರಿ?"

"ಬೆಳ್ಳಿ ತೊಳದ ನೀರ್ರಿ. ಗಟಾರಕ್ಕ ಚೆಲ್ಲಾಕ ಮನಸ್ಸು ಬರೂದಿಲ್ಲ."

"ಅದರಾಗ ಆ್ಯಸಿಡ್ ಇರ್ತೈತಲ್ರೀ! ತಿಂಗಳಿಗೆ ಒಂದು ಮುಷ್ಟಿ ಎರೆಹುಳದ ಗೊಬ್ಬರ, ಮ್ಯಾಲಿನ ಮಣ್ಣು ಒಣಗಿದಾಗ ಕುಡಿಯೂವಂಥಾ ನೀರು, ಇಷ್ಟ ಸಾಕಂತ ಹೇಳಿದ್ನಲ್ಲ?"

ಹೋಗಲಿ, ನನ್ನ ಹೆಸರು ಕೆಡೂದು ಬ್ಯಾಡ, ಬ್ಯಾರೆ ಮಣ್ಣು ತುಂಬಿಕೊಡೂಣಂತ ಒಂದು ಕುಂಡ ಡಬ್ಬ ಹಾಕಾಕ ಹೋದೆ. ಕಾಕಾ ಓಡಿ ಬಂದು ಕೈ ಹಿಡಿದ್ರು.

"ಮಣ್ಣು ಮುಟ್ಟಬ್ಯಾಡ್ರಿ! ಆ ನೀರಿನಾಗಿನ ಬೆಳ್ಳಿ ಪುಡಿ ಎಲ್ಲಾ ಅದರಾಗ ಕುಂತೈತಿ. ತೊಳದು ತಗೀಬೇಕು."

ಜೀವ ಇರೂತನಾ ಆ ಮಣ್ಣಿಗೆ ಒಂದು ಚರಗಿ ಚಲೋ ನೀರು ಸಿಗಲಿಲ್ಲ. ಸತ್ತ ಮ್ಯಾಲ, ಮಳೀಗೆ ತೊಯ್ದೀತಂತ ಕಾಕಾ ಅದಕ್ಕ ತಾಡಪತ್ರಿ ಹೊಚ್ಚಿದ್ರು.