ಒಲಿ ಹಚ್ಚೀರೇನು?

ನಮ್ಮ ನಂದೂರಿನ ದಾಲ್ ಮಿಲ್ಲಿಗೆ ಆಫ್ರಿಕಾದ ತೊಗರಿ ತರುವ ಹಡಗು ಯಾವಾಗ ಮುಟ್ಟುತ್ತದೆಂದು ಹೇಳುವುದು ನನ್ನ ಕೆಲಸ. ಅದಕ್ಕೆಂದೇ ಮಿಲ್ಲಿನ ಸಾವಕಾರರು ಕಂಪ್ಯೂಟರ್ ಕೊಟ್ಟಿದ್ದರು. ಗೋದಾಮು ನೋಡುತ್ತಿದ್ದ ಕಮಲಾಪುರದ ಕಾಕಾ ಸಮುದ್ರವನ್ನೇ ಕಂಡವರಲ್ಲ. ಫೋನಿನ ಧೂಳನ್ನು ಧೋತರಕ್ಕೆ ಒರೆಸಿ, ಬಂದರಿನಲ್ಲಿ ಕಾಯುವ ನಮ್ಮ ಲಾರಿ ಡ್ರೈವರುಗಳನ್ನು ಒಂದೇ ಮಾತು ಕೇಳುತ್ತಿದ್ದರು: “ಒಲಿ ಹಚ್ಚೀರೇನು?” ಅವರು ಲಾರಿ ಪಕ್ಕ ಅಡುಗೆಗೆ ಕೂತರೆ ಹಡಗು ಸದ್ಯಕ್ಕಿಲ್ಲ.

ಒಮ್ಮೆ ಗೋದಾಮು ಖಾಲಿಯಾಗುತ್ತ ಬಂದಿತ್ತು. ನಾನು “ಹಡಗ ನಾಳಿಗಿ ಬರ್ತದ್ರೀ” ಅಂದೆ. ಕಾಕಾ, “ಇನ್ನಾ ಎಂಟ ದಿನ. ಒಲಿ ಹಚ್ಯಾರ, ಎಂಟ ದಿನದ ಹಿಟ್ಟೂ ತಂದಾರ” ಅಂದರು. ಸಾವಕಾರರು ಅವರನ್ನೇ ನಂಬಿ ಊರ ತೊಗರಿ ತರಿಸಿದರು. ಹಡಗು ಎಂಟು ದಿನಕ್ಕೇ ಬಂತು. ನನ್ನ ಹೊಟ್ಟೆ ಉರಿದುಹೋಯಿತು.

ಕಾಕಾ ಕೆಲಸ ಬಿಟ್ಟ ಮೇಲೆ ಬಾಗಿಲು ಮುಚ್ಚಿಕೊಂಡು ನಾನೇ ಬಂದರಿನ ಡ್ರೈವರಿಗೆ ಫೋನು ಹಚ್ಚಿದೆ: “ಒಲಿ ಹಚ್ಚೀರೇನು?”

ಡ್ರೈವರ್ ಕೇಳಿದ: “ಹಿಂಗ ಕೇಳ್ರಿ ಅಂತ ಕಾಕಾ ಹೇಳಿದ್ರೇನ್ರೀ?”