ಹಾಳೆ ತಿರುಗಿಸಿ ಬರೆಯುವ ಅತ್ತೆ, ಸೊಸೆಯೇ ಟೀಚರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲಿನ ಡೇರಿಯ ಹಿಂದಿನ ಕೋಣೆಯಲ್ಲಿ ಟೀಚರ್ ಹೊಲಿಗೆ ಮೆಷಿನ್ನುಗಳಿಗೆ ಎಣ್ಣೆ ಬಿಡುತ್ತಿದ್ದಾರೆ. ಹಾಲು ಹಾಕಿ ಬಂದ ಹೆಂಗಸರು ಖಾಲಿ ಕ್ಯಾನುಗಳನ್ನು ಬಾಗಿಲ ಬಳಿ ಇಟ್ಟು, ಕೈ ಒರೆಸಿಕೊಂಡು ಒಳಗೆ ಬರುತ್ತಾರೆ. ಹೊಲಕ್ಕೆ ಹೊರಡುವ ಮುಂಚೆ ಸಿಗುವ ಒಂದೂವರೆ ಗಂಟೆಯಲ್ಲೇ ಇಲ್ಲಿ ಹೊಲಿಗೆಯೂ ಆಗಬೇಕು, ಅಕ್ಷರವೂ ಆಗಬೇಕು. ಈ ತರಗತಿಯ ಬಗ್ಗೆ ಬರೆಯಲು ಬಂದ ನಾನು ಒಂದು ಮೂಲೆಯಲ್ಲಿ ಕೂತಿದ್ದೇನೆ.

ಎಲ್ಲರಿಗಿಂತ ಮೊದಲು ಬಂದು ಕಿಟಕಿ ಪಕ್ಕದ ಮೆಷಿನ್ನು ಹಿಡಿದಿರುವವರು ಟೀಚರ್ ಅವರ ಅತ್ತೆ. ಹೌದು, ಸಾಕ್ಷಾತ್ ಗಂಡನ ತಾಯಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಇವರಿಬ್ಬರಿಗೆ ಅದು ದಿನವೂ ಅದಲು ಬದಲಾಗುತ್ತದೆ. ಇಲ್ಲಿ "ಟೀಚರ್, ದಾರ ಕೊಡ್ತೀರಾ" ಎಂದು ಕೇಳುವ ಅತ್ತೆ, ಮನೆಯ ಹೊಸ್ತಿಲು ದಾಟಿದ್ದೇ ತಡ, "ನೀರು ತಗೊಂಡ್ಬಾರೇ" ಅನ್ನುತ್ತಾರೆ.

ಟೀಚರ್ ತಮ್ಮ ತಾಯಿಯ ಹೊಲಿಗೆ ಅಂಗಡಿಯಲ್ಲಿ ಬೆಳೆದವರು. ಮೊದಮೊದಲು ಸ್ಲೇಟು ಹಿಡಿದು ಮನೆಮನೆ ಸುತ್ತಿದಾಗ, ಈ ವಯಸ್ಸಿಗೆ ಅಕ್ಷರ ಯಾರಿಗೆ ಬೇಕು ಎಂದು ಎಲ್ಲರೂ ಬಾಗಿಲಲ್ಲೇ ಸಾಗಹಾಕಿದರಂತೆ. ಹೊಲಿಗೆ ಅಂದಾಗ ಬಂದರು. ಹಾಗಾಗಿ ಚೂರು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಟ್ಟು, ಅದರ ಮೇಲೆಯೇ ಹೊಲಿಗೆ ಹಾಕಿಸುವ ಉಪಾಯ ಹೂಡಿದರು.

ಉಪಾಯ ಫಲಿಸಿತು, ಜೊತೆಗೊಂದು ಪೇಚೂ ಬಂತು. ಮೆಷಿನ್ನಿನಲ್ಲಿ ಸೂಜಿ ಇದ್ದಲ್ಲೇ ಇರುತ್ತದೆ, ತಿರುಗುವುದು ಬಟ್ಟೆ. ಪೆನ್ಸಿಲ್ ಕೊಟ್ಟಾಗ ಇವರೆಲ್ಲ ಪೆನ್ಸಿಲನ್ನು ಅಲ್ಲಾಡದಂತೆ ಹಿಡಿದು, ಕೆಳಗಿನ ಹಾಳೆಯನ್ನು ತಿರುಗಿಸತೊಡಗಿದರು! ಉಳಿದವರಿಗೆ ಆ ರೂಢಿ ಬೇಗ ಬಿಟ್ಟುಹೋಯಿತು. ಅತ್ತೆಗೆ ಬಿಡಲಿಲ್ಲ.

ಟೀಚರ್ ಒಮ್ಮೆ ಅವರ ಹಾಳೆಯನ್ನು ಕ್ಲಿಪ್ ಹಾಕಿ ಮೇಜಿಗೆ ಬಿಗಿದರಂತೆ. ಅತ್ತೆ ಒಂದಕ್ಷರವನ್ನೂ ಬರೆಯಲಿಲ್ಲ; ವಾರವಿಡೀ ತರಗತಿಗೆ ಬರಲಿಲ್ಲ, ಮನೆಯಲ್ಲೂ ಮೂತಿ ಊದಿಸಿಕೊಂಡಿದ್ದರು. ಸೊಸೆ ಸೋತು ಕ್ಲಿಪ್ ತೆಗೆದರು. ಅವತ್ತು ಸೋತಿದ್ದೇ ಈಗ ಟೀಚರನ್ನು ಚುಚ್ಚುತ್ತಿದೆ.

ಏಕೆಂದರೆ ಇವತ್ತು ಪರೀಕ್ಷೆ. ಊರಂಚಿನಲ್ಲಿ ಶುರುವಾಗಲಿರುವ ಹೊಲಿಗೆ ಘಟಕಕ್ಕೆ ಆಳು ಆರಿಸಲು ಮೇಲ್ವಿಚಾರಕಿ ಬರುತ್ತಿದ್ದಾರೆ. ಹೊಲಿದರಷ್ಟೇ ಸಾಲದು, ಹೇಳಿದ ಅಳತೆ ಬರೆದುಕೊಳ್ಳಲೂ ಬರಬೇಕು. ಮೂವತ್ತು ವರ್ಷ ಬೇರೆಯವರ ಹೊಲದಲ್ಲಿ ಕಳೆ ಕಿತ್ತ ಅತ್ತೆಯ ಸೊಂಟ ಈಗ ಬಗ್ಗಿದರೆ ಏಳುವುದಿಲ್ಲ. ಕೂತು ಮಾಡುವ ಕೆಲಸ ಸಿಗದಿದ್ದರೆ ಮತ್ತೆ ಕಳೆಯೇ ಗತಿ.

"ಅವತ್ತೇ ಗಟ್ಟಿಯಾಗಿ ನಿಂತಿದ್ರೆ ಈ ರೂಢಿ ಹೋಗ್ತಿತ್ತು," ಎನ್ನುತ್ತಾರೆ ಟೀಚರ್. "ಕೆಲಸ ತಪ್ಪಿದ್ರೆ ನನ್ನಿಂದಾನೇ ತಪ್ಪಿದ ಹಾಗೆ. ಅವರೇನೂ ಅನ್ನಲ್ಲ, ಅದೇ ಕಷ್ಟ."

ಮೇಲ್ವಿಚಾರಕಿ ಬಂದು ಅತ್ತೆಯಿಂದ ಕಾಲರ್ ಹೊಲಿಸಿ ನೋಡಿ, ಮೆಚ್ಚಿ ತಲೆಯಾಡಿಸುತ್ತಾರೆ. ಆಮೇಲೆ ಹಾಳೆ ಸಿಕ್ಕಿಸಿದ ಪ್ಯಾಡ್ ಕೊಟ್ಟು ಅಳತೆ ಹೇಳುತ್ತಾರೆ. ಅತ್ತೆ ಪೆನ್ಸಿಲ್ ಊರಿ, ಇಡೀ ಪ್ಯಾಡನ್ನೇ ಗಿರಕಿ ಹೊಡೆಸುತ್ತಾರೆ. ಹಿಂದೆ ಯಾರೋ ಕಿಸಕ್ಕೆನ್ನುತ್ತಾರೆ. ನೆಟ್ಟಗೆ ಇಟ್ಟುಕೊಂಡು ಬರೆಯಿರಿ ಎಂದು ಮೇಲ್ವಿಚಾರಕಿ ಪ್ಯಾಡ್ ಒತ್ತಿ ಹಿಡಿಯುತ್ತಾರೆ. ಅತ್ತೆಯ ಕೈ ನಿಂತೇ ಹೋಗುತ್ತದೆ. ಅಯ್ಯೋ, ಮುಗಿಯಿತು ಅಂದುಕೊಳ್ಳುತ್ತೇನೆ ನಾನು.

ಟೀಚರ್ ಎದ್ದು ಮುಂದೆ ಬರುತ್ತಾರೆ. "ಮೇಡಂ, ಕೈ ಬಿಡಿ. ಅವರು ಬರೆದು ಮುಗಿಸ್ಲಿ. ಆಮೇಲೆ ಓದಿ ನೋಡಿ. ತಪ್ಪಿದ್ರೆ ಬೇಡ ಅನ್ನಿ."

ಮೇಲ್ವಿಚಾರಕಿ ಕೈ ತೆಗೆಯುತ್ತಾರೆ. ಪ್ಯಾಡ್ ಮತ್ತೆ ತಿರುಗುತ್ತದೆ, ನಿಧಾನವಾಗಿ. ಕೊನೆಗೆ ಅದನ್ನು ಎತ್ತಿಕೊಂಡು ಮೇಲ್ವಿಚಾರಕಿ ಗಟ್ಟಿಯಾಗಿ ಓದುತ್ತಾರೆ: ಎದೆ ಮೂವತ್ತಾರು, ತೋಳು ಒಂಬತ್ತೂವರೆ. ಒಂದೂ ತಪ್ಪಿಲ್ಲ. ಸೋಮವಾರ ಬೆಳಗ್ಗೆ ಕೆಲಸಕ್ಕೆ ಬನ್ನಿ ಎಂದು ಹೇಳಿ ಮುಂದಿನವರನ್ನು ಕರೆಯುತ್ತಾರೆ.

ಅತ್ತೆ ಮೆಲ್ಲಗೆ ಸೊಸೆಯ ಹತ್ತಿರ ಬಂದು, ರಜೆ ಕೇಳುವ ಮಗುವಿನ ಮುಖ ಮಾಡಿಕೊಂಡು ಹೇಳುತ್ತಾರೆ: "ಟೀಚರ್, ಸೋಮವಾರದಿಂದ ನಾನು ಕ್ಲಾಸಿಗೆ ಬರಲ್ಲ."

ಟೀಚರ್ ನಗಲು ಹೋಗಿ ಕಣ್ಣೊರೆಸಿಕೊಳ್ಳುತ್ತಾರೆ. "ಇಷ್ಟು ವರ್ಷದಲ್ಲಿ ಎಷ್ಟು ಜನ ಹೀಗಂದಿದಾರೋ," ಎನ್ನುತ್ತಾರೆ ನನ್ನ ಕಡೆ ತಿರುಗಿ. "ಮಗು ನೋಡ್ಕೋಬೇಕು ಬರಲ್ಲ, ಮನೇಲಿ ಬೈತಾರೆ ಬರಲ್ಲ. ಕೇಳಿದಾಗೆಲ್ಲ ಹೊಟ್ಟೆ ಉರೀತಿತ್ತು. ಬರಲ್ಲ ಅನ್ನೋ ಮಾತು ಇಷ್ಟು ಚೆನ್ನಾಗಿ ಕೇಳಿಸಿದ್ದು ಇವತ್ತೇ."